ಮೇಲೆ 1 ಕೂಡಿಸಿ 1 ಕಳೆಯೋದು ಹೇಗೆ ಹೊಳೆಯುತ್ತದೆ ಸರ್?

ಪ್ರಶ್ನೆ: ಎಕ್ಸ್²/(ಎಕ್ಸ್² + 1) ಇಂಟಿಗ್ರೇಟ್ ಮಾಡುವಾಗ ಅಂಶಕ್ಕೆ 1 ಕೂಡಿಸಿ 1 ಕಳೆಯುತ್ತೀರಿ. ಪರೀಕ್ಷೆಯಲ್ಲಿ ನಮಗೆ ಅದು ಹೊಳೆಯುವುದು ಹೇಗೆ? ಸುಮ್ನೆ ಛೇದವನ್ನೇ ಒಡೆದರೆ ಆಗಲ್ವಾ?
- ಸೆಕೆಂಡ್ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಈ ಪಾಠ ಶುರುವಾದರೆ ಸಾಕು, ಶಿರಸಿಯಿಂದಲೂ ಕುಮಟಾದಿಂದಲೂ ಕಾರವಾರದಿಂದಲೂ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಮುಗಿಯುವುದಿಲ್ಲ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಇದು ಹೊಳೆಯಬೇಕಾದ ವಿಷಯವೇ ಅಲ್ಲ. ಹೈಸ್ಕೂಲಿನಲ್ಲಿ ಕಲಿತ ಬಹುಪದೋಕ್ತಿ ಭಾಗಾಕಾರ ಅಷ್ಟೇ. ಅಂಶದ ಘಾತ ಛೇದದ ಘಾತಕ್ಕೆ ಸಮ ಇದ್ದರೆ ಅಥವಾ ಜಾಸ್ತಿ ಇದ್ದರೆ ಮೊದಲು ಭಾಗಿಸಿ. ಇಲ್ಲಿ ಭಾಗಲಬ್ಧ 1, ಶೇಷ −1. ಹಾಗಾಗಿ ಲೆಕ್ಕ 1 − 1/(ಎಕ್ಸ್² + 1) ಆಗುತ್ತದೆ. ಉತ್ತರ: ಎಕ್ಸ್ − ಟ್ಯಾನ್ ಇನ್ವರ್ಸ್ ಎಕ್ಸ್ + ಸಿ (ಸಿ ಅಂದರೆ ಯಾವುದೋ ಒಂದು ಸ್ಥಿರ ಸಂಖ್ಯೆ). ಕೂಡಿಸಿ ಕಳೆಯುವುದು ಇದೇ ಭಾಗಾಕಾರದ ಹತ್ತಿರದ ದಾರಿ.

ಇನ್ನು ಛೇದ ಒಡೆಯುವ ಮಾತು. ಈ ಒಂದು ತಪ್ಪು ನಂಬಿಕೆ ಮಕ್ಕಳ ತಲೆಯಿಂದ ಹೋಗುವುದೇ ಇಲ್ಲ! ಎಕ್ಸ್²/(ಎಕ್ಸ್² + 1) ಅನ್ನು ಎಕ್ಸ್²/ಎಕ್ಸ್² + ಎಕ್ಸ್²/1 ಎಂದು ಬರೆದುಬಿಡುತ್ತಾರೆ. ಅಂದರೆ 1 + ಎಕ್ಸ್². ಎಕ್ಸ್ ಬದಲು 1 ಹಾಕಿ ನೋಡಿ. ಎಡಗಡೆ ಅರ್ಧ, ಬಲಗಡೆ 2. ಒಂದು ಕ್ವಿಂಟಾಲ್ ಚಾಲಿ ಅಡಿಕೆಯನ್ನು ಅಣ್ಣ-ತಮ್ಮ ಹಂಚಿಕೊಂಡರೆ ಒಬ್ಬೊಬ್ಬರಿಗೆ ಅರ್ಧ ಕ್ವಿಂಟಾಲ್. ಛೇದ ಒಡೆದ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಎರಡೆರಡು ಕ್ವಿಂಟಾಲ್ ಕೊಡಬೇಕು. ಎಲ್ಲಿಂದ ತರುತ್ತೀರಿ?

1 ಹಾಕಿದ್ದಕ್ಕೆ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಎಡಗಡೆಯದು ಯಾವಾಗಲೂ 1ಕ್ಕಿಂತ ಕಡಿಮೆ. ಬಲಗಡೆಯದು 1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಯಾವ ಬೆಲೆ ಹಾಕಿದರೂ ಎರಡೂ ಒಂದಾಗುವುದಿಲ್ಲ. ಒಡೆಯಬಹುದಾದದ್ದು ಅಂಶವನ್ನು ಮಾತ್ರ. (ಎಕ್ಸ್² + 1)/ಎಕ್ಸ್² ಇದ್ದರೆ 1 + 1/ಎಕ್ಸ್² ಎಂದು ಧೈರ್ಯವಾಗಿ ಬರೆಯಿರಿ. ನನ್ನ ತರಗತಿಯ ಮಕ್ಕಳು ಈಗ ಒಡೆಯುವ ಮೊದಲು ಒಂದು ಅಂಕಿ ಹಾಕಿ ನೋಡುತ್ತಾರೆ. ಅದು ನನಗೆ ತುಂಬಾ ಖುಷಿಯ ವಿಷಯ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೀಗೆ ರೂಪ ಬದಲಿಸಿ ಮಾಡಿದಾಗ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದದೇ ಇರಬಹುದು. ಆಗ ಗಾಬರಿ ಬೇಡ. ಎಕ್ಸ್ + 1 ಇಂಟಿಗ್ರೇಟ್ ಮಾಡುವ ಲೆಕ್ಕ ತೆಗೆದುಕೊಳ್ಳಿ. ಒಬ್ಬರಿಗೆ ಎಕ್ಸ್²/2 + ಎಕ್ಸ್ ಬರುತ್ತದೆ, ಇನ್ನೊಬ್ಬರಿಗೆ (ಎಕ್ಸ್ + 1)²/2. ಎರಡನೆಯದನ್ನು ಬಿಡಿಸಿದರೆ ಅರ್ಧ ಮಾತ್ರ ಜಾಸ್ತಿ. ಆ ಅರ್ಧ ಸಿ ಒಳಗೆ ಸೇರಿಹೋಗುತ್ತದೆ. ಬರೆದದ್ದನ್ನು ಹೊಡೆದುಹಾಕುವ ಮೊದಲು ಒಂದು ಉತ್ತರದಿಂದ ಇನ್ನೊಂದನ್ನು ಕಳೆಯಿರಿ. ಎಕ್ಸ್ ಉಳಿಯದೇ ಬರೀ ಸಂಖ್ಯೆ ಉಳಿದರೆ, ಪುಸ್ತಕದ್ದು ಸರಿಯಿದ್ದರೆ ನಿಮ್ಮದೂ ಸರಿ.