ಹಡಗಿನ ವಯಸ್ಸು ಬೇರೆ, ಸರ್ವಿಸ್ ಬೇರೆ ಮಾರಾಯ್ರೆ

ಮರದ ಬೋಟ್ ಸರ್ವೇಗೆ ಹೋದಲ್ಲೆಲ್ಲ ಓನರ್‌ಗಳು ಮೊದ್ಲು ಹೇಳೋದು ನೀರಿಗಿಳಿಸಿದ ವರ್ಷ. "ನಲ್ವತ್ತು ವರ್ಷ ಓಡಿದೆ ಸರ್, ಸಾಗುವಾನಿ, ಏನೂ ಆಗಲ್ಲ." ಓಡಿದ್ದೆಷ್ಟು, ಸುಮ್ನೆ ಕಟ್ಟಿ ಹಾಕಿದ್ದೆಷ್ಟು ಅಂತ ಕೇಳಿದ್ರೆ ಮುಖ ಸಣ್ಣ ಮಾಡ್ಕೋತಾರೆ, ನಾನೇನೋ ಅವರ ಮನೆಯವ್ರಿಗೆ ಬೈದ ಹಾಗೆ.

ಇಂಥವ್ರಿಗೆ ನಾನು ಹೇಳೋದು ಟ್ರಿಂಕೊಮಲಿ ಅನ್ನೋ ಹಡಗಿನ ಕಥೆ. ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್, ಅಂದ್ರೆ ಪಟ ಕಟ್ಟಿ ಓಡೋ ಯುದ್ಧದ ಹಡಗು, ಆದ್ರೆ ಕಟ್ಟಿದ್ದು ಬಾಂಬೆ ಡಾಕ್‌ಯಾರ್ಡಲ್ಲಿ, ವಾಡಿಯಾ ಮನೆತನದ ಜಮ್‌ಶೆಟ್‌ಜೀ ಬೊಮನ್‌ಜೀ, ಮರ ಮಲಬಾರಿನ ಸಾಗುವಾನಿ. ಪಾರ್ಸಿ ಪದ್ಧತಿಯಂತೆ ಕೀಲ್‌ಗೆ, ಅಂದ್ರೆ ತಳದ ಉದ್ದ ತೊಲೆಗೆ, ಬೆಳ್ಳಿ ಮೊಳೆ ಹೊಡೆದ್ರು. ಅದಕ್ಕೂ ಮೊದ್ಲು ಇದನ್ನ ಕಟ್ಟೋ ನಕ್ಷೆ ತರ್ತಿದ್ದ ಜಾವಾ ಹಡಗನ್ನ 1812ರ ಕೊನೆಗೆ ಅಮೆರಿಕದವ್ರು ಹಿಡಿದು ಬಿಟ್ರು, ಎರಡನೇ ಸೆಟ್ ಬರೋ ತನಕ ಕಾಯ್ಬೇಕಾಯ್ತು, ಅಂತೂ ಇಂತೂ ನೀರಿಗಿಳಿದಿದ್ದು 1817ರ ಅಕ್ಟೋಬರಲ್ಲಿ. ಅಷ್ಟೊತ್ತಿಗೆ ನೆಪೋಲಿಯನ್ ಗಲಾಟೆಯೇ ಮುಗಿದಿತ್ತು! 1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಮುಟ್ಟಿದ್ದೇ ಮೀಸಲು ಅಂತ ಕಟ್ಟಿ ಹಾಕಿದ್ರು.

ಈಗ ಲೆಕ್ಕ ಹಾಕಿ. ಮೊದಲ ಕಮಿಷನ್, ಅಂದ್ರೆ ಸಿಬ್ಬಂದಿ ಹತ್ತಿಸಿ ಡ್ಯೂಟಿಗೆ ಕಳಿಸಿದ್ದು, 1847ರಲ್ಲಿ, ನೀರಿಗಿಳಿದು ಮೂವತ್ತು ವರ್ಷ ಆದ್ಮೇಲೆ. ಅದೂ ಫಿರಂಗಿ 26ಕ್ಕೆ ಇಳಿಸಿ ಕಾರ್ವೆಟ್ ಮಾಡಿ, ಅಂದ್ರೆ ಫ್ರಿಗೇಟಿಗಿಂತ ಕೆಳಗಿನ ದರ್ಜೆ. 1850ರ ತನಕ ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಕಡೆ, ಆಮೇಲೆ 1852ರಿಂದ 57 ಪೆಸಿಫಿಕ್. ಮುಗೀತು. ಸಮುದ್ರದ ಡ್ಯೂಟಿ ಎಲ್ಲ ಕೂಡಿಸಿದ್ರೆ ಹತ್ತು ವರ್ಷ ಆಗಲ್ಲ ಸ್ವಾಮಿ. ಮುಂದೆ ಕವಾಯತು ಕಲಿಸೋ ಡ್ರಿಲ್ ಶಿಪ್ ಆಯ್ತು, 1897ರಲ್ಲಿ ಗುಜರಿಗೆ ಹೋಯ್ತು, ಕಾಬ್ ಅನ್ನೋರು ಕೊಂಡು ಹೆಸರು ಬದಲಿಸಿ ಹುಡುಗರ ಟ್ರೈನಿಂಗಿಗೆ ಇಟ್ರು, 1986ರ ತನಕ ಅದೇ ಕೆಲಸ. ಈಗ ಹಾರ್ಟ್ಲ್‌ಪೂಲಲ್ಲಿ ತೇಲ್ತಾ ಉಂಟು. "ಇನ್ನೂರು ವರ್ಷ ಸರ್ವಿಸ್" ಅಂತ ಬರೆದ್ರೆ ಸುಳ್ಳು, ಇನ್ನೂರು ವರ್ಷದ ಹಡಗು ಅನ್ನಿ, ಒಪ್ತೇನೆ.

ಹಾಗಂತ ಕಟ್ಟಿ ಹಾಕಿದ ವರ್ಷಗಳು ಪುಕ್ಕಟೆ ಅಲ್ಲ. ಓಡಾಟದಲ್ಲಿ ಜಾಯಿಂಟ್ ಸಡಿಲ ಆಗ್ತದೆ, ನಿಂತಲ್ಲಿ ಮಳೆನೀರು ಡೆಕ್ ಸಂದಿನಲ್ಲಿ ಇಳಿದು ತೊಲೆಯ ತುದಿ ಕೊಳೀತದೆ. ಕೆಳಗಿನ ಉಪ್ಪುನೀರಿಗಿಂತ ಮೇಲಿನ ಸಿಹಿನೀರು ಮರಕ್ಕೆ ಜಾಸ್ತಿ ಡೇಂಜರ್, ಸಾಮಾನ್ಯವಾಗಿ ಹೇಳೋದಾದ್ರೆ. ನಾನು ಟಾರ್ಚ್, ಸಣ್ಣ ಉಳಿ ಹಿಡ್ಕೊಂಡು ಮೊದ್ಲು ನೋಡೋದೇ ಆ ತುದಿಗಳನ್ನ, ಹೊರಗಿಂದ ಪೈಂಟ್ ಫಳಫಳ, ಚುಚ್ಚಿದ್ರೆ ಉಳಿ ಸಲೀಸಾಗಿ ಒಳಗೆ.

ಸಾಗುವಾನಿಯಿಂದಲೇ ಉಳೀತು ಅನ್ನೋರು ಸ್ಕಾಟ್ಲೆಂಡಿನ ಡಂಡೀ ಊರಲ್ಲಿರೋ ಯೂನಿಕಾರ್ನ್ ಹಡಗು ನೋಡ್ಬೇಕು. ಅದೇ ಜಾತಿಯ ಫ್ರಿಗೇಟ್, 1824ರದ್ದು, ಓಕ್ ಮರ. ಯುದ್ಧಕ್ಕಂತೂ ಹೋಗ್ಲೇ ಇಲ್ಲ, ಪಟದ ಕಂಬಗಳನ್ನೂ ಪೂರ್ತಿ ನಿಲ್ಲಿಸ್ಲಿಲ್ಲ, ಶುರುವಿಗೇ ಮೇಲೆ ಮಾಡು (ಚಾವಣಿ) ಕಟ್ಟಿ ಬಿಟ್ರು. ಹಡಗೂ ಉಂಟು, ಮಾಡೂ ಉಂಟು.