ಯಾವ ಮಸುಕು ಎಂದು ಮೊದಲು ಹೇಳಿ

"ಒಂದು ಫೋಟೋ ಶಾರ್ಪ್ ಮಾಡಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು?" ಫೋಟೋ ತಿದ್ದುವ ಕಸುಬಿನಲ್ಲಿರುವ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. ಎಐ ಬಳಸುವ ಟೋಪಾಜ್ ಕೊಳ್ಳಲೇ, ಫೋಟೋಶಾಪ್ ಸಾಕೇ, ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಆಗುವುದಿಲ್ಲವೇ ಎಂದು ಮಾತು ಮುಂದುವರಿಯುತ್ತದೆ. ಫೋಟೋಗೆ ಏನಾಗಿದೆ ಎಂದು ಕೇಳಿದರೆ ಉತ್ತರ ಒಂದೇ: "ಮಸುಕಾಗಿದೆ." ಬರೀ ಜ್ವರ ಎಂದು ಹೇಳಿ ಮಾತ್ರೆಯ ಹೆಸರು ಕೇಳಿದ ಹಾಗೆ.

ಚಿತ್ರವನ್ನು ಶೇಕಡಾ 100ರ ಗಾತ್ರದಲ್ಲಿ ತೆರೆದು, ಕಣ್ಣಿನ ಪಾಪೆಯ ಮೇಲೆ ಹೊಳೆಯುವ ಬೆಳಕಿನ ಚುಕ್ಕಿಯನ್ನು ನೋಡಿ. ಅದು ಗೆರೆಯಂತೆ ಎಳೆದುಕೊಂಡಿದ್ದರೆ ಏನೋ ಅಲುಗಿದೆ. ಹಿಂದಿನ ಗೋಡೆಯೂ ಅದೇ ದಿಕ್ಕಿಗೆ ಎಳೆದುಕೊಂಡಿದ್ದರೆ ಅಲುಗಿದ್ದು ಕ್ಯಾಮೆರಾ. ಗೋಡೆ ಸ್ಪಷ್ಟವಾಗಿದ್ದು ಮುಖ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಎದುರಿಗಿದ್ದವರು. ಚುಕ್ಕಿ ಊದಿಕೊಂಡು ಬಿಲ್ಲೆಯಾಗಿದ್ದು, ಅದೇ ವ್ಯಕ್ತಿಯ ಕಿವಿಯೋ ಅಂಗಿಯ ನೇಯ್ಗೆಯೋ ನಿಚ್ಚಳವಾಗಿ ಕಂಡರೆ ಫೋಕಸ್ ಕಣ್ಣು ತಪ್ಪಿ ಬೇರೆ ಕಡೆ ಬಿದ್ದಿದೆ. ಇವು ಯಾವುವೂ ಇಲ್ಲದೆ ಕೆನ್ನೆಯ ಮೇಲೆ ಸಣ್ಣ ಚೌಕಗಳು ಕಂಡರೆ ಅದು ಮಸುಕೇ ಅಲ್ಲ. ಜೆಪೆಗ್ ವಿಧಾನ ಚಿತ್ರವನ್ನು 8 x 8 ಪಿಕ್ಸೆಲ್‌ಗಳ ತುಂಡುಗಳಾಗಿ ಒಡೆದು ಹಿಂಡುತ್ತದೆ. ಅತಿಯಾಗಿ ಹಿಂಡಿದಾಗ ಆ ತುಂಡುಗಳ ಗಡಿಗಳೇ ಮೇಲೆದ್ದು ಕಾಣುತ್ತವೆ. ಅದರ ಮೇಲೆ ಶಾರ್ಪನಿಂಗ್ ಹಾಕಿದರೆ ಮೊದಲು ಚುರುಕಾಗುವುದು ಆ ಗಡಿಗಳು. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಫೋಟೋಗಳ ಪಾಡು ಬಹುಮಟ್ಟಿಗೆ ಇದೇ.

ಇಷ್ಟು ನೋಡಿದ ಮೇಲೆಯೇ ಯಾವ ಸಾಧನ ಎಂಬ ಮಾತಿಗೆ ಅರ್ಥ. ಸಾಮಾನ್ಯ ಎಡಿಟರ್‌ಗಳಲ್ಲಿರುವ ಅನ್‌ಶಾರ್ಪ್ ಮಾಸ್ಕ್ ಎಂಬ ಶಾರ್ಪನಿಂಗ್ ವಿಧಾನ ಕಂಪ್ಯೂಟರಿಗಿಂತ ಹಳೆಯದು. ಡಾರ್ಕ್‌ರೂಮಿನ ಕಾಲದಲ್ಲಿ ನೆಗೆಟಿವ್‌ನಿಂದ ಒಂದು ಮಸುಕಾದ ಪಾಸಿಟಿವ್ ತೆಗೆದು, ಎರಡನ್ನೂ ಜೋಡಿಸಿಟ್ಟು ಪ್ರಿಂಟ್ ಹಾಕುತ್ತಿದ್ದರು. ಅದರಿಂದ ಅಂಚಿನ ಕಪ್ಪು ಇನ್ನಷ್ಟು ಕಪ್ಪಾಗಿ, ಬಿಳುಪು ಇನ್ನಷ್ಟು ಬೆಳ್ಳಗಾಗಿ ಕಣ್ಣಿಗೆ ಚುರುಕಾಗಿ ತೋರುತ್ತಿತ್ತು. ಇಂದಿನ ಸ್ಲೈಡರ್‌ಗಳು ಮಾಡುವುದೂ ಅದನ್ನೇ. ಹೊಸ ವಿವರವೇನೂ ಬರುವುದಿಲ್ಲ, ಇದ್ದ ಅಂಚು ಎದ್ದು ಕಾಣುತ್ತದೆ, ಅಷ್ಟೇ. ಅಲುಗಿದ ಫೋಟೋಗೆ ಇದನ್ನು ಹಾಕಿದರೆ ಅಲುಗಾಟವೇ ಚುರುಕಾಗುತ್ತದೆ, ಅಂಚುಗಳ ಸುತ್ತ ಬಿಳಿ ಪ್ರಭೆ ಏಳುತ್ತದೆ. ಮೊಬೈಲ್ ಫೋಟೋಗಳಲ್ಲಿ ಇನ್ನೂ ಒಂದು ತೊಡಕಿದೆ: ಫೋನು ಚಿತ್ರವನ್ನು ಉಳಿಸುವಾಗಲೇ ಒಂದು ಸುತ್ತು ಶಾರ್ಪ್ ಮಾಡಿರುತ್ತದೆ. ಅದರ ಮೇಲೆ ಮತ್ತೊಂದು ಸುತ್ತು ಹೊಡೆದು "ಯಾಕೋ ಮುಖ ಒರಟಾಯಿತು" ಎಂದು ಬರುವವರಿಗೆ ಏನು ಹೇಳಲಿ?

ಎಐ ಸಾಧನಗಳ ದಾರಿ ಬೇರೆ. ಸ್ಪಷ್ಟವಾದ ಚಿತ್ರಗಳನ್ನು ಬೇಕೆಂದೇ ಮಸುಕಾಗಿಸಿ, ಮಸುಕಿನಿಂದ ಮೂಲಕ್ಕೆ ಮರಳುವುದನ್ನು ಅವುಗಳಿಗೆ ಕಲಿಸಲಾಗುತ್ತದೆ. ಹಾಗಾಗಿ ಕಲಿಕೆಯಲ್ಲಿ ಕಂಡಂಥ ಮಸುಕು ಎದುರಾದಾಗ, ಅದೂ ಹದ ಮೀರದಿದ್ದಾಗ, ಅವು ಮಾಡುವ ಕೆಲಸ ಮೆಚ್ಚುವಂಥದ್ದು. ಟೋಪಾಜ್‌ನ ಶಾರ್ಪನ್ ಎಐ ಬಂದಾಗ ಅದರಲ್ಲಿ ಫೋಕಸ್ ತಪ್ಪಿದ್ದಕ್ಕೊಂದು, ಅಲುಗಾಟಕ್ಕೊಂದು ಬೇರೆ ಬೇರೆ ಮಾದರಿಗಳಿದ್ದವು. ಮಸುಕಿನ ಬಗೆ ಕೇಳುವುದು ನನ್ನೊಬ್ಬನ ಹಟವಲ್ಲ ಎಂದು ಆಗ ಸಮಾಧಾನವಾಗಿತ್ತು. 2022ರಲ್ಲಿ ಟೋಪಾಜ್ ತಂದ ಫೋಟೋ ಎಐಯಲ್ಲಿ ಬಗೆಯನ್ನು ಸಾಫ್ಟ್‌ವೇರೇ ಊಹಿಸಿಕೊಳ್ಳತೊಡಗಿತು. ಆ ಊಹೆ ತಪ್ಪುವುದೂ ಉಂಟು. ಕೈಯಿಂದ ಬದಲಿಸಿ ನೋಡಿ.

ಈಗ ನಾನು ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಮಾತಿಗೆ ಬರುತ್ತೇನೆ. ಮಸುಕಿನ ಹಿಂದೆ ಒಂದು ಸ್ಪಷ್ಟ ಚಿತ್ರ ಅಡಗಿ ಕುಳಿತಿದೆ, ತಕ್ಕ ಸಾಫ್ಟ್‌ವೇರ್ ಸಿಕ್ಕರೆ ಅದು ಹೊರಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಕೆಲವೊಮ್ಮೆ ಇದು ನಿಜವೂ ಹೌದು. 1990ರಲ್ಲಿ ಹಬಲ್ ದೂರದರ್ಶಕ ಮೇಲೇರಿದ ಬಳಿಕ ಅದರ ಕನ್ನಡಿಯ ಅಂಚನ್ನು ತಯಾರಿಸುವಾಗಲೇ ಸುಮಾರು 2.2 ಮೈಕ್ರೋಮೀಟರ್ ಹೆಚ್ಚು ಉಜ್ಜಿರುವುದು ತಿಳಿಯಿತು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ವಿಜ್ಞಾನಿಗಳು ಡಿಕಾನ್ವಲ್ಯೂಷನ್ ಎಂಬ ಲೆಕ್ಕಾಚಾರದಿಂದ ಮಸುಕನ್ನು ಹಿಂದಕ್ಕೆ ಬಿಚ್ಚಿ ಚಿತ್ರಗಳನ್ನು ಸಾಕಷ್ಟು ಉಳಿಸಿಕೊಂಡರು. ಅವರಿಗೆ ಅದು ಸಾಧ್ಯವಾದದ್ದು ದೋಷ ಎಂಥದ್ದು, ಒಂದು ನಕ್ಷತ್ರದ ಬೆಳಕು ಹೇಗೆ ಹರಡುತ್ತದೆ ಎಂಬುದು ತಿಳಿದಿದ್ದರಿಂದ. ನಿಮ್ಮ ಕೈ ಯಾವ ದಿಕ್ಕಿಗೆ, ಎಷ್ಟು ಅಲುಗಿತು ಎಂಬ ದಾಖಲೆ ಫೋಟೋದಲ್ಲಿ ಇರುವುದಿಲ್ಲ. ಮಸುಕನ್ನೂ ಊಹಿಸಬೇಕು, ಚಿತ್ರವನ್ನೂ ಊಹಿಸಬೇಕು.

ಮುಖ ಚಿಕ್ಕದಿದ್ದಷ್ಟೂ ಊಹೆಯ ಪಾಲು ಹೆಚ್ಚುತ್ತದೆ. ಇಪ್ಪತ್ತು ಪಿಕ್ಸೆಲ್ ಅಗಲದ ಮುಖವೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದು ಕಣ್ಣಿಗೆ ಸಿಗುವುದು ನಾಲ್ಕೈದು ಪಿಕ್ಸೆಲ್. ರೆಪ್ಪೆಯ ಕೂದಲು, ಹುಬ್ಬಿನ ಗಾಯದ ಗುರುತು, ಪಾಪೆಯ ಬಣ್ಣ ಎಲ್ಲವೂ ಆ ನಾಲ್ಕೈದರಲ್ಲಿ ಕರಗಿಹೋಗಿವೆ. ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಕಣ್ಣುಗಳನ್ನು ಕುಗ್ಗಿಸಿದರೂ ಬರುವುದು ಅದೇ ನಾಲ್ಕೈದು ಪಿಕ್ಸೆಲ್. ಸಾಫ್ಟ್‌ವೇರ್ ಆ ನೂರಾರರಲ್ಲಿ ತಾನು ಹೆಚ್ಚಾಗಿ ಕಂಡಂಥ ಒಂದನ್ನು ತಂದು ಕೂರಿಸುತ್ತದೆ. ಅದು ಕಣ್ಣು ಎಂಬುದರಲ್ಲಿ ಅನುಮಾನವಿಲ್ಲ. ನಿಮ್ಮವರ ಕಣ್ಣೇ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರ ಪಲ್ಸ್ ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮಾ ಅವರ ಪಿಕ್ಸೆಲ್‌ಗಟ್ಟಿದ ಫೋಟೋ ಕೊಟ್ಟಾಗ ಅದು ಒಬ್ಬ ಬಿಳಿಯನ ಮುಖವನ್ನು ಹೊರತಂದಿತು. ಮುಖ ಸ್ಪಷ್ಟವಾಗಿಯೇ ಇತ್ತು.

ನನ್ನಲ್ಲಿಗೆ ಬರುವ ಹಿರಿಯರೊಬ್ಬರಿದ್ದಾರೆ, ನಿವೃತ್ತ ಶಿಕ್ಷಕರು. ಹಳೆಯ ತರಗತಿಯ ಗುಂಪು ಫೋಟೋವನ್ನು ಯಾವುದೋ ಆ್ಯಪ್‌ನಲ್ಲಿ ಹಾಯಿಸಿ ತಂದಿದ್ದರು. ಹಿಂದಿನ ಸಾಲಿನ ಹುಡುಗರಿಗೆಲ್ಲ ಒಂದೇ ಅಚ್ಚಿನ ಮೂಗು, ಬಾಯಿ ಮುಚ್ಚಿದ್ದವರಿಗೂ ಹಲ್ಲಿನ ಸಾಲು. ಅವರು ಒಬ್ಬನ ಮೇಲೆ ಬೆರಳಿಟ್ಟು, "ಇವನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು, ಅದರಿಂದಲೇ ಇವನನ್ನು ಗುರುತು ಹಿಡಿಯುತ್ತಿದ್ದೆ, ನಿಮ್ಮ ಕಂಪ್ಯೂಟರ್ ಆಪರೇಷನ್ ಮಾಡಿಬಿಟ್ಟಿದೆ" ಎಂದರು. ನನ್ನ ಕಂಪ್ಯೂಟರ್ ಅಲ್ಲ ಎಂದು ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಮೂಲ ಪ್ರಿಂಟ್ ತರಿಸಿ, ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ, ಸಾಮಾನ್ಯ ಎಡಿಟರ್‌ನಲ್ಲಿ ಕಾಂಟ್ರಾಸ್ಟ್ ಏರಿಸಿದ್ದಷ್ಟೇ ನಾನು ಮಾಡಿದ ಕೆಲಸ. ಮಸುಕು ಬಹುಪಾಲು ಹಾಗೆಯೇ ಉಳಿಯಿತು, ರೆಪ್ಪೆಯೂ ಉಳಿಯಿತು. ಅವರು ಆ ಸಾಲಿನ ಪ್ರತಿಯೊಬ್ಬನ ಹೆಸರನ್ನೂ ಹೇಳಿದರು. ಅದರಲ್ಲಿ ಅರ್ಧ ದಿನ ಹೋಯಿತು ಎಂಬುದು ಬೇರೆ ಮಾತು.

ಅಕ್ಷರಗಳಲ್ಲೂ ಇದೇ ಕಥೆ. ಹಿನ್ನೆಲೆಯಲ್ಲಿರುವ ಫಲಕವನ್ನು ಎಐ ಚುರುಕುಗೊಳಿಸಿದಾಗ ಯಾವ ಲಿಪಿಗೂ ಸೇರದ ಅಕ್ಷರಗಳು ಹುಟ್ಟುತ್ತವೆ. ಕನ್ನಡದ ಒತ್ತಕ್ಷರಗಳಂತೂ ಬಳ್ಳಿಯ ಚಿತ್ತಾರವಾಗುತ್ತವೆ. ಹಕ್ಕಿಯ ಫೋಟೋದಲ್ಲಿ ಎದೆಯ ಗೆರೆಗಳನ್ನು ನೋಡಿ ಜಾತಿ ನಿರ್ಧರಿಸುವವರು ಮೂಲ ಕಡತವನ್ನೇ ನೋಡುವುದು ಕ್ಷೇಮ. ನ್ಯಾಯಾಲಯ, ವಿಮೆ, ವೈದ್ಯಕೀಯ ದಾಖಲೆಗಳ ಫೋಟೋಗಳಿಗೆ ಎಐ ಶಾರ್ಪನಿಂಗ್ ಮಾಡಿಕೊಡಲು ನಾನು ಒಪ್ಪುವುದಿಲ್ಲ. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಧೀಶರೊಬ್ಬರು ಕೊಲೆ ಮೊಕದ್ದಮೆಯೊಂದರಲ್ಲಿ ಎಐ ಬಳಸಿ ಸ್ಪಷ್ಟಗೊಳಿಸಿದ ವಿಡಿಯೋವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಬೇರೆಡೆ ಕಾನೂನು ಏನೆನ್ನುತ್ತದೆ ಎಂಬುದನ್ನು ವಕೀಲರಲ್ಲಿ ಕೇಳಿ.

ಹಾಗೆಂದು ನಾನು ಎಐ ವಿರೋಧಿಯಲ್ಲ. ಕೂದಲೆಳೆಯಷ್ಟು ಫೋಕಸ್ ತಪ್ಪಿದ, ಮತ್ತೆ ತೆಗೆಯಲಾಗದ ಫೋಟೋ ಬಂದರೆ ನನ್ನ ಕೈ ಮೊದಲು ಹೋಗುವುದು ಅತ್ತಲೇ. ಕಡಿಮೆ ಬೆಳಕಿನಲ್ಲಿ ಕ್ಯಾಮೆರಾದ ಸಂವೇದನೆ, ಅಂದರೆ ಐಎಸ್‌ಒ, ಏರಿಸಿ ತೆಗೆದು ಮರಳು ಚೆಲ್ಲಿದಂತಿರುವ ಚಿತ್ರಗಳಿಗೂ ಅಷ್ಟೇ, ಆದರೆ ಆ ಮರಳನ್ನು, ಅಂದರೆ ನಾಯ್ಸ್, ತೆಗೆಯುವುದು ಮೊದಲು, ಶಾರ್ಪ್ ಮಾಡುವುದು ಆಮೇಲೆ. ತಿರುಗಾಮುರುಗಾ ಮಾಡಿದರೆ ನಾಯ್ಸನ್ನೇ ಹರಿತ ಮಾಡಿದಂತೆ. ಎಐ ಕೊಟ್ಟ ಫಲಿತಾಂಶವನ್ನು ಪ್ರತ್ಯೇಕ ಲೇಯರ್ ಆಗಿ ಮೂಲದ ಮೇಲಿಟ್ಟು, ಕೆಳಗಿನ ಮೂಲವೂ ತುಸು ಕಾಣುವಂತೆ ಅದರ ಒಪಾಸಿಟಿ ತಗ್ಗಿಸುತ್ತೇನೆ. ಚರ್ಮದ ಭಾಗವನ್ನು ಮಾಸ್ಕ್‌ನಿಂದ ಬಹುಮಟ್ಟಿಗೆ ಅಳಿಸುತ್ತೇನೆ. ಕೊನೆಯ ಶಾರ್ಪನಿಂಗ್, ಅಂದರೆ ಪ್ರಿಂಟ್‌ನ ಅಥವಾ ಪರದೆಯ ಅಳತೆಗೆ ಇಳಿಸಿದ ಮೇಲೆ ಹಾಕುವುದು, ಈಗಲೂ ಸಾಮಾನ್ಯ ಎಡಿಟರ್‌ನ ಕೆಲಸವೇ. ಅಡೋಬಿಯ ಎಡಿಟರ್ ಲೈಟ್‌ರೂಮ್‌ನಲ್ಲಿ ಮಾಸ್ಕಿಂಗ್ ಸ್ಲೈಡರ್ ಎಳೆಯುವಾಗ ಆಲ್ಟ್ ಕೀಲಿ ಒತ್ತಿ ಹಿಡಿಯಿರಿ: ಬಿಳಿಯಾಗಿ ಕಾಣುವ ಕಡೆಗಷ್ಟೇ ಶಾರ್ಪನಿಂಗ್ ಬೀಳುತ್ತದೆ, ಕಪ್ಪಾಗಿರುವ ಕೆನ್ನೆ ಮತ್ತು ಆಕಾಶ ಪಾರಾಗುತ್ತವೆ. ಒಳ್ಳೆಯ ಫೋಟೋಗಳಲ್ಲಿ ಬಹುಪಾಲಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಎಐ ಸಾಧನ, ಸಾಮಾನ್ಯ ಎಡಿಟರ್ ಎರಡರ ನಡುವಿನ ಗಡಿಯೂ ಅಳಿಯುತ್ತಿದೆ. ಫೋಟೋಶಾಪ್ ತಯಾರಿಸುವ ಅಡೋಬಿ 2021ರಲ್ಲಿ ಚಿತ್ರ ಹಿಗ್ಗಿಸುವ ಸೂಪರ್ ರೆಸಲ್ಯೂಷನ್, 2023ರಲ್ಲಿ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ತಂದಿತು. ಟೋಪಾಜ್ ಫೋಟೋಶಾಪ್‌ನೊಳಗೇ ಪ್ಲಗಿನ್ ಆಗಿ ಕುಳಿತುಕೊಳ್ಳುತ್ತದೆ. ಜಾಹೀರಾತುಗಳಲ್ಲಿ ನಡುವೆ ಗೆರೆ ಎಳೆದು ಮುಂಚೆ-ಆಮೇಲೆ ತೋರಿಸುವ ಚಿತ್ರಗಳನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿರುವುದು ಗೆದ್ದ ಫೋಟೋಗಳು ಮಾತ್ರ. ಪ್ರಾಯೋಗಿಕ ಆವೃತ್ತಿ ಸಿಕ್ಕರೆ ನಿಮ್ಮದೇ ಕೆಟ್ಟ ಫೋಟೋ ಹಾಕಿ ನೋಡಿ, ಅದೂ ನಾಲ್ಕು ಪಟ್ಟು ಹಿಗ್ಗಿಸಿ ಅಲ್ಲ, ಕೊನೆಗೆ ಜನರು ನೋಡುವ ಗಾತ್ರದಲ್ಲಿ.

ಫೋಟೋವನ್ನು ನನಗೋ ನನ್ನಂಥ ಇನ್ನೊಬ್ಬರಿಗೋ ಕಳುಹಿಸುವುದಾದರೆ ಕ್ಯಾಮೆರಾದಿಂದ ಇಳಿದ ಮೂಲ ಕಡತವನ್ನೇ, ಸಾಧ್ಯವಿದ್ದರೆ ಕ್ಯಾಮೆರಾ ಜೆಪೆಗ್ ಮಾಡದೆ ಉಳಿಸಿದ ರಾ ಕಡತವನ್ನು, ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ. ಯಾವ ಅಳತೆಗೆ ಪ್ರಿಂಟ್ ಮಾಡಬೇಕು ಎಂದು ಬರೆಯಿರಿ. ಈಗಾಗಲೇ ಯಾವುದಾದರೂ ಆ್ಯಪ್‌ನಲ್ಲಿ ಹಾಯಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಹಲ್ಲುಗಳನ್ನು ನೋಡಿದರೆ ನಮಗೆ ಹೇಗೂ ಗೊತ್ತಾಗುತ್ತದೆ.