ಪಿಸ್ತೂಲು ಒಳಗೆ ಬಿಡದ ಊರು, ಪಿಸ್ತೂಲಿನಿಂದಲೇ ಹೆಸರಾದ ಊರು

1870ರ ದಶಕದ ಕೊನೆಯಲ್ಲಿ ತೆಗೆದ ಒಂದು ಫೋಟೊ ಇದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿ, ಫ್ರಂಟ್ ಸ್ಟ್ರೀಟು. ಅಗಲವಾದ ಮಣ್ಣಿನ ರಸ್ತೆ, ಪಕ್ಕದಲ್ಲಿ ಮರದ ಅಂಗಡಿಗಳ ಸಾಲು. ರಸ್ತೆ ಮಧ್ಯೆ ಒಂದು ದೊಡ್ಡ ಹಲಗೆ ನಿಲ್ಲಿಸಿದ್ದಾರೆ. ಊರೊಳಗೆ ಬಂದೂಕು ಇಟ್ಟುಕೊಂಡು ತಿರುಗಾಡುವಂತಿಲ್ಲ, ಕಟ್ಟುನಿಟ್ಟಾಗಿ ನಿಷೇಧ ಅಂತ ಅದರ ಮೇಲೆ ಬರೆದಿದೆ. ಜೊತೆಗೆ ಪ್ರಿಕ್ಲಿ ಆಶ್ ಬಿಟರ್ಸ್ ಅನ್ನುವ ಔಷಧಿಯ ಜಾಹೀರಾತೂ ಅದೇ ಹಲಗೆಯಲ್ಲಿದೆ. ಸರ್ಕಾರಿ ಎಚ್ಚರಿಕೆಗೆ ಪ್ರಾಯೋಜಕರು ಸಿಗುವುದು ಹೊಸ ವಿಷಯವೇನಲ್ಲ ಬಿಡಿ.

ಈಗ ಅದೇ ಊರಿನ ಇನ್ನೊಂದು ಚಿತ್ರ ನೋಡಿ. ಉದ್ದನೆಯ ಆಳೊಬ್ಬ ಬೀದಿಯಲ್ಲಿ ಕಾಲು ಅಗಲಿಸಿ ನಿಂತಿದ್ದಾನೆ. ಎದುರಿಗೆ ದೂರದಲ್ಲಿ ಇನ್ನೊಬ್ಬ. ಇಬ್ಬರ ಕೈಯೂ ಸೊಂಟಕ್ಕೆ ಹೋಗುತ್ತದೆ, ಗುಂಡಿನ ಸದ್ದು, ಹೊಗೆ. ಅವನು ಮಾರ್ಷಲ್ (ಅಂದರೆ ಪೊಲೀಸ್ ಅಧಿಕಾರಿ) ಮ್ಯಾಟ್ ಡಿಲನ್, ಧಾರಾವಾಹಿಯ ಹೆಸರು 'ಗನ್‌ಸ್ಮೋಕ್'. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1955ರಿಂದ 1975ರವರೆಗೆ, ಇಪ್ಪತ್ತು ಸೀಸನ್, 635 ಕಂತು ಓಡಿತು. ಹೆಚ್ಚುಕಡಿಮೆ ಪ್ರತಿ ವಾರವೂ ಆ ಬೀದಿಯಲ್ಲಿ ಗುಂಡು ಹಾರುತ್ತಲೇ ಇತ್ತು.

ಹಲಗೆ ನಿಜವಾದರೆ ಈ ಗುಂಡು ಎಲ್ಲಿಂದ ಬಂತು? ಇದು ಬರೀ ಸಿನಿಮಾದವರು ಸುಳ್ಳು ಹೇಳಿದ ಕಥೆ ಅಲ್ಲ. ಆ ಊರು, ಆ ಧಾರಾವಾಹಿ ಎರಡರ ಕಥೆಯನ್ನೂ ಮೊದಲಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಿಜವಾದ ಮಾರ್ಷಲ್‌ಗಳ ಮುಖ್ಯ ಕೆಲಸ ಗುಂಡು ಹಾರಿಸುವುದಲ್ಲ, ಕುಡಿದವರ ಸೊಂಟದಿಂದ ಪಿಸ್ತೂಲು ಕಿತ್ತುಕೊಳ್ಳುವುದು. ಟಿವಿ ಮಾರ್ಷಲ್‌ಗೆ ಅದು ಅರ್ಥವಾಗುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು. ಅದೂ ಬೇರೆಯವರ ಒತ್ತಾಯಕ್ಕೆ.

ಡಾಡ್ಜ್ ಸಿಟಿ ಹುಟ್ಟಿದ್ದು 1872ರಲ್ಲಿ. ಸಾಂಟಾ ಫೆ ರೈಲು ಅಲ್ಲಿಗೆ ಬಂದದ್ದೂ ಅದೇ ವರ್ಷ. ಮೊದಲು ನಡೆದದ್ದು ಕಾಡೆಮ್ಮೆ ಚರ್ಮದ ವ್ಯಾಪಾರ. ಕೆಲವೇ ವರ್ಷಗಳಲ್ಲಿ ಬೇಟೆಗಾರರು ಕಾಡೆಮ್ಮೆಗಳನ್ನು ಮುಗಿಸಿಯೇ ಬಿಟ್ಟರು. ಆಮೇಲೆ ಬಂದದ್ದು ದನ. ಇದರ ಹಿಂದೆ ಇದ್ದದ್ದು ಒಂದು ಸಣ್ಣ ಹುಳ, ದನದ ಮೈಗೆ ಕಚ್ಚಿಕೊಳ್ಳುವ ಉಣುಗು. ಟೆಕ್ಸಾಸ್ ದನಗಳ ಮೈಮೇಲಿನ ಉಣುಗಿನಿಂದ ಕಾನ್ಸಾಸ್ ರೈತರ ದನಗಳು ಜ್ವರ ಬಂದು ಸಾಯುತ್ತಿದ್ದವು. (ಉಣುಗೇ ಕಾರಣ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.) ಅದಕ್ಕೆ ಸರ್ಕಾರ ಟೆಕ್ಸಾಸ್ ದನ ಈ ಗೆರೆ ದಾಟುವಂತಿಲ್ಲ ಅಂತ ಒಂದು ಗೆರೆ ಎಳೆಯಿತು. ರೈತರ ಊರುಗಳು ಬೆಳೆದ ಹಾಗೆ ಆ ಗೆರೆ ಪಶ್ಚಿಮಕ್ಕೆ ಸರಿಯಿತು, ದನದ ವ್ಯಾಪಾರವೂ ಅದರ ಹಿಂದೆ ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ ಅಂತ ಊರಿಂದ ಊರಿಗೆ ಸರಿಯುತ್ತಾ 1876ರ ಹೊತ್ತಿಗೆ ಡಾಡ್ಜ್‌ಗೆ ಬಂದು ನಿಂತಿತು. ಸುಮಾರು ಹತ್ತು ವರ್ಷ ಅಲ್ಲೇ ಇತ್ತು. 1885ರಲ್ಲಿ ಇಡೀ ಕಾನ್ಸಾಸ್‌ಗೇ ಟೆಕ್ಸಾಸ್ ದನ ಬರುವಂತಿಲ್ಲ ಅಂತಾಯಿತು, ಅಲ್ಲಿಗೆ ಆಟ ಮುಗಿಯಿತು. ನಾವು 'ಕೌಬಾಯ್ ಕಾಲ' ಅಂತ ಕರೆಯುವುದು ಈ ಊರಿನ ಮಟ್ಟಿಗೆ ಅಷ್ಟೇ, ಹತ್ತು ವರ್ಷ. ಧಾರಾವಾಹಿ ಅದರ ಎರಡು ಪಟ್ಟು ಓಡಿತು!

ಆ ಹತ್ತು ವರ್ಷ ಊರಿನ ವರ್ತಕರಿಗೆ ಒಂದು ಸಂಕಟವಿತ್ತು. ತಿಂಗಳುಗಟ್ಟಲೆ ದನ ಹೊಡೆದುಕೊಂಡು ಬಂದ ಹುಡುಗರ ಕೈಗೆ ಸಂಬಳ ಸಿಗುವುದು ಡಾಡ್ಜ್‌ನಲ್ಲೇ. ಆ ಹಣ ಅಲ್ಲೇ ಖರ್ಚಾಗಬೇಕು. ಅಂದರೆ ಅವರು ಕುಡಿಯಬೇಕು, ಜೂಜಾಡಬೇಕು, ಆದರೆ ಯಾರನ್ನೂ ಕೊಲ್ಲಬಾರದು. ಹಾಗಾಗಿ ಊರಿನ ತೀರಾ ಆರಂಭದ ಕಾನೂನುಗಳಲ್ಲೇ ಬಂದೂಕಿನ ನಿಷೇಧ ಇತ್ತು. ರೈಲು ಹಳಿಯನ್ನೇ ಗಡಿ ಮಾಡಿಕೊಂಡರು. ಹಳಿಯ ಉತ್ತರಕ್ಕೆ ಬಂದವರು ಪಿಸ್ತೂಲು ಒಪ್ಪಿಸಬೇಕು, ಊರು ಬಿಡುವಾಗ ವಾಪಸ್ ತಗೊಳ್ಳಬೇಕು. ದಕ್ಷಿಣದ ಕಡೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇದರಲ್ಲಿ ಆದರ್ಶ ಏನೂ ಇಲ್ಲ, ಶುದ್ಧ ವ್ಯಾಪಾರದ ಲೆಕ್ಕ.

ಈ ಕಾನೂನನ್ನು ಜಾರಿ ಮಾಡುವುದೇ ಮಾರ್ಷಲ್ ಕೆಲಸ. ಅದು ಎಷ್ಟು ಅಪಾಯದ್ದು ಅನ್ನುವುದಕ್ಕೆ ಎಡ್ ಮಾಸ್ಟರ್‌ಸನ್ ಸಾಕ್ಷಿ. 1878ರ ಏಪ್ರಿಲ್ 9ರ ರಾತ್ರಿ, ಕುಡಿದಿದ್ದ ಒಬ್ಬ ದನಗಾಹಿಯ ಪಿಸ್ತೂಲನ್ನು ಈ ಸಿಟಿ ಮಾರ್ಷಲ್ ಕಿತ್ತುಕೊಂಡು ಅವನ ಮೇಸ್ತ್ರಿ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಪಿಸ್ತೂಲು ಮತ್ತೆ ಅದೇ ಹುಡುಗನ ಹತ್ತಿರ! ಕಿತ್ತುಕೊಳ್ಳಲು ಹೋದಾಗ ತಳ್ಳಾಟ ಆಯಿತು, ಗುಂಡು ಹಾರಿತು. ಎಷ್ಟು ಹತ್ತಿರದಿಂದ ಅಂದರೆ ಎಡ್ ಹಾಕಿದ್ದ ಕೋಟಿಗೆ ಬೆಂಕಿ ಹತ್ತಿಕೊಂಡಿತ್ತು. ಅವನು ಬೀದಿ ದಾಟಿ ಎದುರಿನ ಸಲೂನಿಗೆ ನಡೆದು ಹೋಗಿ ಅಲ್ಲಿ ಕುಸಿದ. (ಸಲೂನ್ ಅಂದರೆ ನಮ್ಮಲ್ಲಿ ಕಟಿಂಗ್ ಶಾಪು, ಅಲ್ಲಿ ಹೆಂಡದಂಗಡಿ. ಚಿಕ್ಕವನಿದ್ದಾಗ ನನಗೆ ಇದು ಭಾರೀ ಗೊಂದಲ ಮಾಡಿತ್ತು, ಇವರೆಲ್ಲ ಯಾಕಪ್ಪಾ ಕ್ಷೌರಕ್ಕೆ ಹೋಗಿ ಜಗಳ ಆಡ್ತಾರೆ ಅಂತ.) ಎಡ್‌ನ ತಮ್ಮ ಬ್ಯಾಟ್ ಮಾಸ್ಟರ್‌ಸನ್ ಆಗ ಅದೇ ಕೌಂಟಿಯ, ಅಂದರೆ ಜಿಲ್ಲೆಯ, ಶೆರಿಫ್. ಮುಂದೆ ಹೆಸರು ಮಾಡಿದವನು ಅವನೇ. ಸತ್ತ ಅಣ್ಣನ ಹೆಸರು ಬಲ್ಲವರು ಕಮ್ಮಿ.

ಹಾಗಾದರೆ ಬೀದಿ ಮಧ್ಯೆ ಎದುರುಬದುರು ನಿಂತು ಹೊಡೆದಾಡಿದ್ದು? ಡಾಡ್ಜ್‌ನ ಲಾಂಗ್ ಬ್ರಾಂಚ್ ಸಲೂನು ನಿಜವಾಗಿಯೂ ಇತ್ತು, ಧಾರಾವಾಹಿಯಲ್ಲಿ ಮಿಸ್ ಕಿಟ್ಟಿ ನಡೆಸುವುದು ಇದೇ ಹೆಸರಿನ ಸಲೂನನ್ನು. 1879ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಕಾಳಗ ಆಯಿತು. ಜೂಜುಗಾರ ಫ್ರಾಂಕ್ ಲವಿಂಗ್, ಎದುರಿಗೆ ಲೆವಿ ರಿಚರ್ಡ್‌ಸನ್. ಇಬ್ಬರ ಪಿಸ್ತೂಲುಗಳ ತುದಿ ಒಂದಕ್ಕೊಂದು ತಾಗುವಷ್ಟು ಹತ್ತಿರ. ಒಂದರ ಹಿಂದೆ ಒಂದು ಗುಂಡು ಹಾರಿಸಿದರು. ರಿಚರ್ಡ್‌ಸನ್ ಸತ್ತ. ಲವಿಂಗ್‌ಗೆ ಕೈ ತರಚಿತು, ಅಷ್ಟೇ. ಮುಟ್ಟುವಷ್ಟು ದೂರದಲ್ಲಿದ್ದವನಿಗೂ ಗುರಿ ತಪ್ಪುತ್ತಿತ್ತು ಅಂದರೆ ಬೀದಿಯ ಆ ತುದಿಯಿಂದ ಕಣ್ಣು ಮಿಟುಕಿಸುವುದರೊಳಗೆ ಹೊಡೆಯುವುದು ಎಷ್ಟರ ಮಟ್ಟಿಗೆ ಸಾಧ್ಯ, ನೀವೇ ಹೇಳಿ.

ಓ.ಕೆ. ಕೊರಾಲ್ ಕಾಳಗ ಗೊತ್ತಲ್ವಾ? 1881ರ ಅಕ್ಟೋಬರ್ 26, ಅರಿಜೋನಾದ ಟೂಂಬ್‌ಸ್ಟೋನ್ ಊರು. ಸುಮಾರು ಮೂವತ್ತು ಸೆಕೆಂಡು, ಮೂರು ಹೆಣ. ಜಗಳದ ಬೇರು ಹಳೆಯದು, ಆದರೆ ಆ ದಿನ ಮಾರ್ಷಲ್ ವರ್ಜಿಲ್ ಅರ್ಪ್ ತಮ್ಮಂದಿರನ್ನೂ ಅವರ ಗೆಳೆಯ ಡಾಕ್ ಹಾಲಿಡೇಯನ್ನೂ ಕರೆದುಕೊಂಡು ಹೊರಟದ್ದು ಊರಿನ 9ನೇ ನಂಬರಿನ ಕಾನೂನಿನ ಪ್ರಕಾರ ಎದುರಾಳಿಗಳ ಪಿಸ್ತೂಲು ಇಳಿಸುವುದಕ್ಕೆ. ಇಲ್ಲೂ ಅದೇ ಕಥೆ, ಕಾನೂನು ಜಾರಿ ಮಾಡಲು ಹೋಗಿ ಗುಂಡು. ನೂರಾರು ಬಾರಿ ಹೇಳಿದ ಈ ಕಥೆಯಲ್ಲಿ ಹೇಳುವವರು ಬಿಟ್ಟುಬಿಡುವುದು ಈ ಒಂದು ಸಾಲನ್ನೇ.

ರಾಬರ್ಟ್ ಡಿಕ್‌ಸ್ಟ್ರಾ ಅನ್ನುವ ಇತಿಹಾಸಕಾರರು 1968ರಲ್ಲಿ ಕಾನ್ಸಾಸ್‌ನ ಐದು ದನದೂರುಗಳ ಹಳೇ ಪತ್ರಿಕೆ, ದಾಖಲೆಗಳನ್ನು ಜಾಲಾಡಿ ಲೆಕ್ಕ ಹಾಕಿದರು. 1870ರಿಂದ 1885ರವರೆಗೆ ಐದೂ ಊರು ಸೇರಿ 45 ಕೊಲೆ. ಡಾಡ್ಜ್‌ನಲ್ಲಿ 15. ಇಷ್ಟೇನಾ ಅನ್ನಿಸುತ್ತದೆ. ಆದರೆ ಇಲ್ಲೊಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಡಾಡ್ಜ್‌ನ ಜನಸಂಖ್ಯೆ ಆಗ ಸಾವಿರದ ಆಸುಪಾಸು. ಅಷ್ಟು ಜನರಿಗೆ ಆ ಸಂಖ್ಯೆ ಕಮ್ಮಿಯಲ್ಲ ಅಂತ ಆಮೇಲೆ ಬಂದ ಇತಿಹಾಸಕಾರರು ಹೇಳುತ್ತಾರೆ. ಅದೂ ಸರಿಯೇ. ಊರು ಶಾಂತವಾಗಿತ್ತು ಅಂತ ನಾನೂ ಹೇಳುತ್ತಿಲ್ಲ. ಶಾಂತವಾಗಿದ್ದಿದ್ದರೆ ಆ ಹಲಗೆ ಯಾಕೆ ಬೇಕಿತ್ತು?

ಇನ್ನು ಟಿವಿಗೆ ಬರೋಣ. ನಡುವೆ ಒಂದು ಪುಸ್ತಕ ಇದೆ. ಡಾಡ್ಜ್‌ನಲ್ಲಿ ಸಹಾಯಕ ಮಾರ್ಷಲ್ ಆಗಿದ್ದ, ಓ.ಕೆ. ಕೊರಾಲ್‌ಗೆ ಹೋದ ತಮ್ಮಂದಿರಲ್ಲಿ ಒಬ್ಬನಾದ ವೈಟ್ ಅರ್ಪ್ 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ಸ್ಟುವರ್ಟ್ ಲೇಕ್ ಬರೆದ ಅವನ ಜೀವನಕಥೆ ಬಂತು. ಅದರಲ್ಲಿ ನಿಜಕ್ಕಿಂತ ಮಸಾಲೆ ಜಾಸ್ತಿ. ಕಳಂಕವಿಲ್ಲದ, ಮಾತು ಕಮ್ಮಿ ಇರುವ, ಗುರಿ ತಪ್ಪದ ಮಾರ್ಷಲ್ ಅನ್ನುವ ಅಚ್ಚು ಇಲ್ಲಿಂದ ಗಟ್ಟಿಯಾಯಿತು. 1955ರ ಸೆಪ್ಟೆಂಬರ್ 6ರಂದು ಆ ಪುಸ್ತಕ ಆಧರಿಸಿದ ಅರ್ಪ್ ಧಾರಾವಾಹಿ ಟಿವಿಯಲ್ಲಿ ಶುರುವಾಯಿತು. ನಾಲ್ಕೇ ದಿನಕ್ಕೆ ಗನ್‌ಸ್ಮೋಕ್.

ಆದರೆ ಗನ್‌ಸ್ಮೋಕ್ ಹುಟ್ಟಿದ್ದು ರೇಡಿಯೋದಲ್ಲಿ, 1952ರಲ್ಲಿ. ನಿರ್ದೇಶಕ ನಾರ್ಮನ್ ಮ್ಯಾಕ್‌ಡಾನೆಲ್, ಬರಹಗಾರ ಜಾನ್ ಮೆಸ್ಟನ್. ಅಲ್ಲಿಯವರೆಗಿನ ಕೌಬಾಯ್ ಕಾರ್ಯಕ್ರಮಗಳು ಮಕ್ಕಳಿಗೆ, ಹಾಡು ಹೇಳುವ ಹೀರೋಗಳು, ಹೊಳೆಯುವ ಕುದುರೆಗಳು. ಇವರಿಬ್ಬರು ದೊಡ್ಡವರಿಗಾಗಿ ಮಾಡಿದರು. ಇಲ್ಲಿ ಬಡತನ ಇತ್ತು, ಗಂಡಂದಿರ ಹೊಡೆತ ಇತ್ತು, ತಡವಾಗಿ ತಲುಪುವ ಮಾರ್ಷಲ್ ಇದ್ದ. ಗುಂಡು ತಾಗಿದವನು ನರಳಿ ಸಾಯುತ್ತಿದ್ದ. ಹಿಂಸೆಯ ಬೆಲೆ ಕಿವಿಗೆ ಬೀಳಬೇಕು ಅನ್ನುವ ಹಟ ಆ ರೇಡಿಯೋ ಕಂತುಗಳಲ್ಲಿ ಕೇಳಿಸುತ್ತದೆ. ನನ್ನನ್ನು ಕೇಳಿದರೆ ಟಿವಿಯದಕ್ಕಿಂತ ರೇಡಿಯೋದ್ದೇ ಚೆನ್ನ. ಅಲ್ಲಿ ಡಿಲನ್‌ಗೆ ದನಿ ಕೊಟ್ಟವರು ವಿಲಿಯಂ ಕಾನ್ರಾಡ್, ಎಂಥ ದನಿ ಅದು! ಆದರೆ ಆಳು ಕುಳ್ಳಗೆ, ದಪ್ಪಗೆ. ಟಿವಿಗೆ ಅವರನ್ನು ತೆಗೆದುಕೊಳ್ಳಲಿಲ್ಲ.

ಆ ಜಾಗಕ್ಕೆ ಬಂದವರು ಜೇಮ್ಸ್ ಆರ್ನೆಸ್, ಆರಡಿ ಏಳಂಗುಲ. ಮೊದಲ ಕಂತಿಗೆ ಮುಂಚೆ ಕೌಬಾಯ್ ಸಿನಿಮಾಗಳ ದೊಡ್ಡ ಹೀರೋ ಜಾನ್ ವೇಯ್ನ್ ಪರದೆ ಮೇಲೆ ಬಂದು ಈ ಹುಡುಗನನ್ನು ಪರಿಚಯ ಮಾಡಿಕೊಟ್ಟರು. ಆರ್ನೆಸ್ ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋದಲ್ಲಿ ಕಾಲಿಗೆ ಗುಂಡು ತಿಂದವರು, ಕುದುರೆ ಮೇಲೆ ಜಾಸ್ತಿ ಹೊತ್ತು ಕೂತರೆ ನೋವು. ತಮಾಷೆ ಏನೆಂದರೆ ಕಥೆಯಲ್ಲಿ ಕುಂಟುವುದು ಅವರ ಸಹಾಯಕ ಚೆಸ್ಟರ್, ಆ ಪಾತ್ರ ಮಾಡಿದ ಡೆನಿಸ್ ವೀವರ್‌ಗೆ ಕಾಲು ಗಟ್ಟಿಮುಟ್ಟಾಗಿತ್ತು.

ಡಿಲನ್‌ಗೆ 'ಯು.ಎಸ್. ಮಾರ್ಷಲ್' ಅನ್ನುವ ಹುದ್ದೆ ಕೊಟ್ಟದ್ದೂ ಒಂದು ಎಡವಟ್ಟೇ. ಸಿಟಿ ಮಾರ್ಷಲ್ ಅಂದರೆ ಊರಿನ ಪೊಲೀಸ್, ಶೆರಿಫ್ ಅಂದರೆ ಕೌಂಟಿಯವನು, ಯು.ಎಸ್. ಮಾರ್ಷಲ್ ಕೇಂದ್ರ ಸರ್ಕಾರದ ಅಧಿಕಾರಿ, ಇಡೀ ಕಾನ್ಸಾಸ್‌ಗೆ ಒಬ್ಬನೇ. ಅಂಥವನು ಡಾಡ್ಜ್‌ನಲ್ಲಿ ಕುಡುಕರನ್ನು ಎಳೆದು ಜೈಲಿಗೆ ಹಾಕುತ್ತಾ ಕೂತಿರುವುದಿಲ್ಲ. ಕೇಂದ್ರದ ಪರವಾಗಿ ಕುದುರೆ ಹತ್ತಿ ಅಪರಾಧಿಗಳ ಬೆನ್ನು ಬೀಳುತ್ತಿದ್ದವರು ಡೆಪ್ಯುಟಿಗಳು. ಅವರಲ್ಲಿ ಒಬ್ಬ ಬ್ಯಾಸ್ ರೀವ್ಸ್, ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. 1875ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಈಗಿನ ಒಕ್ಲಹೋಮಾ ಇರುವ ಕಡೆ ದುಡಿದವನು, ಮೂರು ಸಾವಿರಕ್ಕಿಂತ ಜಾಸ್ತಿ ಜನರನ್ನು ಹಿಡಿದ ಹೆಸರು ಅವನದು. ಐವತ್ತರ ದಶಕದ ಟಿವಿಯಲ್ಲಿ ಅವನ ಮೇಲೆ ಒಂದು ಧಾರಾವಾಹಿಯೂ ಬರಲಿಲ್ಲ.

ಧಾರಾವಾಹಿ ಮಾತ್ರ ಓಡಿತು ನೋಡಿ. 1957ರಿಂದ ನಾಲ್ಕು ವರ್ಷ ದೇಶಕ್ಕೇ ನಂಬರ್ ಒನ್. 1958-59ರಲ್ಲಿ ಜನ ಅತಿ ಹೆಚ್ಚು ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ಕೌಬಾಯ್ ಕಥೆಗಳೇ. ಇಷ್ಟೊಂದು ಪಿಸ್ತೂಲು ಮನೆಯೊಳಗೆ ಬಂದರೆ ಯಾರಾದರೂ ಕೇಳಲೇಬೇಕಲ್ಲ. ಟಿವಿ ನೋಡಿ ಮಕ್ಕಳು ಕೆಡುತ್ತಾರಾ ಅಂತ ಐವತ್ತರ ದಶಕದ ಮಧ್ಯದಲ್ಲೇ ಸೆನೆಟ್ ಸಮಿತಿ ವಿಚಾರಣೆ ಮಾಡಿತ್ತು. 1961ರಲ್ಲಿ ಸೆನೆಟರ್ ಥಾಮಸ್ ಡಾಡ್ ಮತ್ತೆ ಶುರುಮಾಡಿದರು. ಊರೂ ಡಾಡ್ಜ್, ಸೆನೆಟರೂ ಡಾಡ್, ಸುಮ್ನೆ ಕಾಕತಾಳೀಯ. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಸಾರ ಆಯೋಗದ ಮುಖ್ಯಸ್ಥ ನ್ಯೂಟನ್ ಮಿನೋ ಟಿವಿಯನ್ನು ದೊಡ್ಡ ಬೀಳುಭೂಮಿಗೆ ಹೋಲಿಸಿ ಮಾಡಿದ ಭಾಷಣದಲ್ಲಿ ಪಶ್ಚಿಮದ ಕೆಟ್ಟವರು, ಪಶ್ಚಿಮದ ಒಳ್ಳೆಯವರು ಇಬ್ಬರನ್ನೂ ಬೈಗುಳದ ಪಟ್ಟಿಗೆ ಸೇರಿಸಿದರು.

1967ರಲ್ಲಿ ಗನ್‌ಸ್ಮೋಕ್ ನಿಂತೇ ಹೋಗುತ್ತಿತ್ತು, ನೋಡುವವರು ಕಮ್ಮಿಯಾಗಿದ್ದರು. ಸಿಬಿಎಸ್ ಮುಖ್ಯಸ್ಥ ವಿಲಿಯಂ ಪೇಲಿಗೆ ಅದು ಅಚ್ಚುಮೆಚ್ಚು, ಆತ ಅಡ್ಡಬಂದರು. ಶನಿವಾರದಿಂದ ಸೋಮವಾರ ಸಂಜೆಗೆ ತಂದರು, 'ಗಿಲಿಗನ್ಸ್ ಐಲ್ಯಾಂಡ್' ಅನ್ನುವ ಹಾಸ್ಯ ಧಾರಾವಾಹಿ ಜಾಗ ಖಾಲಿ ಮಾಡಬೇಕಾಯಿತು. ಬೇಗನೆ ಬರುವ ಹೊತ್ತಾದ್ದರಿಂದ ಮಕ್ಕಳೂ ನೋಡತೊಡಗಿದರು, ಒಂದೇ ವರ್ಷದಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು.

ಆಗ ಬಂತು 1968. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ, ಇಬ್ಬರೂ ಗುಂಡಿಗೆ ಬಲಿ. ಅಧ್ಯಕ್ಷ ಜಾನ್‌ಸನ್ ಹಿಂಸೆಯ ಕಾರಣ ಹುಡುಕಲು ಆಯೋಗ ಮಾಡಿದರು, ಟಿವಿಯೂ ಕಟಕಟೆ ಹತ್ತಿತು. ಚಾನೆಲ್‌ಗಳು ಕತ್ತರಿ ಹಿಡಿದವು. ಬರಹಗಾರರು ಹೊಡೆದಾಟ ಕಮ್ಮಿ ಮಾಡಿದರು, ಊರಿಗೆ ಬಂದುಹೋಗುವ ಜನರ ಕಷ್ಟಸುಖದ ಕಥೆಗಳು ಜಾಸ್ತಿಯಾದವು, ಎಷ್ಟೋ ಕಂತುಗಳಲ್ಲಿ ಡಿಲನ್ ಮುಖ ತೋರಿಸಿ ಹೋಗುತ್ತಾನೆ ಅಷ್ಟೇ. ಕೊನೆಗೆ 1970ರಲ್ಲಿ, ಪ್ರತಿ ಕಂತಿನ ಶುರುವಿನಲ್ಲಿ ಬರುತ್ತಿದ್ದ ಬೀದಿಯ ಆ ಕಾಳಗವನ್ನೇ ತೆಗೆದರು. ಹದಿನೈದು ವರ್ಷ ವಾರವಾರವೂ ಬೀದಿಯಲ್ಲಿ ಪಿಸ್ತೂಲು ಎಳೆದ ಮಾರ್ಷಲ್, ಆಮೇಲಿನ ಐದು ವರ್ಷ ಬಯಲಿನಲ್ಲಿ ಕುದುರೆ ಓಡಿಸುತ್ತಾ ಬಂದ. 'ಬಂದೂಕಿನ ಹೊಗೆ' ಅನ್ನುವ ಹೆಸರಿನ ಧಾರಾವಾಹಿಯ ಮೊದಲ ದೃಶ್ಯದಲ್ಲಿ ಹೊಗೆಯೂ ಇಲ್ಲ, ಬಂದೂಕೂ ಇಲ್ಲ. 1870ರ ದಶಕದಲ್ಲಿ ಊರಿನ ವರ್ತಕರು ಮಾಡಿದ್ದನ್ನೇ 1970ರಲ್ಲಿ ಚಾನೆಲ್‌ನವರು ಮಾಡಿದರು. ಇಬ್ಬರಿಗೂ ವ್ಯಾಪಾರದ್ದೇ ಚಿಂತೆ.

1975ರಲ್ಲಿ ಸಿಬಿಎಸ್ ಧಾರಾವಾಹಿ ನಿಲ್ಲಿಸಿತು, ವಿದಾಯದ ಕಂತೂ ಇಲ್ಲ.

ಡಾಡ್ಜ್‌ಗೆ ಈಗಲೂ ದನ ಬರುತ್ತದೆ. ಲಾರಿಯಲ್ಲಿ ಬರುತ್ತದೆ, ದೊಡ್ಡ ದೊಡ್ಡ ಕಸಾಯಿಖಾನೆಗಳಿಗೆ ಹೋಗುತ್ತದೆ. ಅಲ್ಲಿ ದುಡಿಯುವವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯಿಂದ ಬಂದವರೇ ಬಹಳ. ಊರಿನ ಇನ್ನೊಂದು ಕಡೆ ಬೂಟ್ ಹಿಲ್ ಮ್ಯೂಸಿಯಂ ಇದೆ, ಹಳೇ ಫ್ರಂಟ್ ಸ್ಟ್ರೀಟನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ಲಾಂಗ್ ಬ್ರಾಂಚ್ ಸಲೂನು ಸಮೇತ. ಬೇಸಿಗೆಯಲ್ಲಿ ಟಿಕೆಟ್ ತಗೊಂಡು ಹೋದರೆ ಅದೇ ಬೀದಿಯಲ್ಲಿ, ಮಾರ್ಷಲ್ ವೇಷದವನು, ಕಳ್ಳರ ವೇಷದವರು, ಎದುರುಬದುರು ನಿಂತು ಢಂ ಢಂ ಅಂತ ಗುಂಡು ಹಾರಿಸಿ ತೋರಿಸುತ್ತಾರೆ.